ಬಂಪರಿನ ಹಿಂದಿನ ಸದ್ದು

ಎಂಜಿನ್ ಓಡುತ್ತಲೇ ಇತ್ತು. ವೈಪರ್ ಆ ಕಡೆ ಈ ಕಡೆ ಆಡುತ್ತಲೇ ಇತ್ತು. ಸ್ಟೀರಿಂಗ್ ಹಿಂದೆ ಕೂತವನು ಮಾತ್ರ ಸತ್ತಿದ್ದ.

ಜನವರಿಯ ಸೋಮವಾರ, ಬೆಳಿಗ್ಗೆ ಏಳೂಕಾಲು. ಕ್ಯಾಲಿಫೋರ್ನಿಯಾದ ಆ ಕಣಿವೆಯಲ್ಲಿ ಮಂಜು ಮೂರು ದಿನದಿಂದ ಕದಲಿರಲಿಲ್ಲ. ಕಾಲುವೆ ರಸ್ತೆಯ ಪಕ್ಕದ ಕಿತ್ತಳೆ ತೋಟ ಇದ್ದೂ ಇಲ್ಲದಂತಿತ್ತು. ಕಾರಿನ ದೀಪಗಳು ಹತ್ತು ಅಡಿ ಮುಂದೆ ಒಂದು ಬಿಳಿ ಸೈಕಲ್ ಮೇಲೆ ಬಿದ್ದಿದ್ದವು. ಚಕ್ರದಿಂದ ಹ್ಯಾಂಡಲ್‌ವರೆಗೆ ಬಿಳಿ ಬಳಿದು ಕಂಬಕ್ಕೆ ಬಿಗಿದ ಸೈಕಲ್. ಹೋದ ಜನವರಿಯಲ್ಲಿ, ಇಂಥದ್ದೇ ಮಂಜಿನಲ್ಲಿ, ಹಣ್ಣಿನ ಕಾರ್ಖಾನೆಗೆ ಹೊರಟಿದ್ದ ಮಾರಿಸೋಲ್ ಓರೋಸ್ಕೊಗೆ ಇಲ್ಲೇ ಯಾವುದೋ ಗಾಡಿ ಗುದ್ದಿತ್ತು. ಅವಳಿಗೆ ಹತ್ತೊಂಬತ್ತು. ಗುದ್ದಿದ ಗಾಡಿ ಪತ್ತೆಯಾಗಿರಲಿಲ್ಲ. ಅವಳ ನೆನಪಿಗೆಂದು ಊರವರು ಬೇರೊಂದು ಸೈಕಲ್‌ಗೆ ಬಿಳಿ ಬಳಿದು ಇಲ್ಲಿ ನಿಲ್ಲಿಸಿದ್ದರು.

ಮೊದಲು ಬಂದ ಪೊಲೀಸಿನವನು ಬಾಗಿಲು ತೆಗೆದವನೇ ಕೆಮ್ಮುತ್ತ ಹಿಂದೆ ಸರಿದ. ಗಂಧಕ ಸುಟ್ಟಂಥ ಘಾಟು. ಕಣ್ಣಲ್ಲಿ ನೀರು.

ಡಿಟೆಕ್ಟಿವ್ ನೆಲ್ಡಾ ಆವಿಲಾ ಬರುವ ಹೊತ್ತಿಗೆ ಘಾಟು ತೆಳುವಾಗಿತ್ತು. ಡಿಕ್ಕಿಯಲ್ಲಿ ನೀಲಿ ಸಿಲಿಂಡರ್ ಇತ್ತು. ಎಂಜಿನ್‌ಗೆ ಒಮ್ಮೆಗೆ ಶಕ್ತಿ ಕೊಡುವ ನೈಟ್ರಸ್ ಬಾಟಲಿ. ಅದರ ಮೂತಿ ತೆರೆದೇ ಇತ್ತು. ಕೊಳವೆ ಹಿಂದಿನ ಸೀಟಿನವರೆಗೆ ಬಂದು ಅಲ್ಲೇ ನಿಂತಿತ್ತು.

"ಸೋರಿದೆ ಮೇಡಂ," ಎಂದ ಪೊಲೀಸಿನವನು. "ಕಿಟಕಿ ಮುಚ್ಚಿದ್ದ, ಉಸಿರುಗಟ್ತು. ಆಕ್ಸಿಡೆಂಟು."

"ಮೊದಲು ನೋಡಿದ್ದು ಯಾರು?"

"ಆ ಹುಡುಗಿಯ ಅಪ್ಪ, ಎಫ್ರೇನ್. ದಿನಾ ಬೆಳಿಗ್ಗೆ ಬಂದು ಮೋಂಬತ್ತಿ ಹಚ್ತಾನೆ." ಅವನು ದನಿ ತಗ್ಗಿಸಿದ. "ಅವನೇ ಏನಾದ್ರೂ ಮಾಡಿದ್ನೋ ಏನೋ. ಇಲ್ದಿದ್ರೆ ಇದೇ ಜಾಗದಲ್ಲಿ ಸಾಯೋಕೆ ಇವನಿಗೇನಾಗಿತ್ತು?"

ನೆಲ್ಡಾ ಕೈ ಚಾಚಿ ಎಂಜಿನ್ ಆರಿಸಿದಳು. ವೈಪರ್ ಅರ್ಧಕ್ಕೆ ನಿಂತಿತು.

* * *

ಸತ್ತವನು ವೆಸ್ಲಿ ಪ್ರೂಯಿಟ್. ವಯಸ್ಸು ಮೂವತ್ತನಾಲ್ಕು. ಹಾಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅವನ ಹೆಂಡತಿ ಕಾರ್ಲೀನ್ ಅಡುಗೆಮನೆಯ ಮೇಜಿನ ಮುಂದೆ ಕೋಟು ಬಿಚ್ಚದೆ ಕೂತಿದ್ದಳು. ಮೇಜಿನ ಮೇಲೆ ಯಾರೋ ತಂದಿಟ್ಟ ಅಡುಗೆ ಮುಚ್ಚಿದಂತೆಯೇ ಇತ್ತು.

"ಇದು?" ನೆಲ್ಡಾ ಕೇಳಿದಳು.

"ಡ್ವೇನ್ ತಂದಿಟ್ಟ. ಹೆಣ ಗುರುತಿಸಿ ನಾನು ವಾಪಸ್ ಬರೋ ಹೊತ್ತಿಗೆ ಇಲ್ಲೇ ಕಾಯ್ತಾ ಇದ್ದ. ವೆಸ್‌ಗೆ ಸ್ಕೂಲಿನ ಗೆಳೆಯ. ಈ ಕಾರೂ ಅವನಿಂದ್ಲೇ ಕೊಂಡಿದ್ದು, ಹೋದ ಮಾರ್ಚ್‌ನಲ್ಲಿ."

"ಕಾರಿಗೆ ನೈಟ್ರಸ್ ಯಾವಾಗ ಹಾಕಿಸಿದ್ರು?"

ಕಾರ್ಲೀನ್ ತಲೆಯೆತ್ತಿದಳು. "ಅದೇ ನಂಗೂ ಅರ್ಥ ಆಗ್ತಿಲ್ಲ. ಆರು ತಿಂಗಳಿಂದ ಊಟಕ್ಕೆ ಕೂತ್ರೆ ಇದೇ ಮಾತು. ನೈಟ್ರಸ್ಸೋ, ಟರ್ಬೋ. ದಿನಾ ಎಪ್ಪತ್ತು ಮೈಲಿ ಓಡೋ ಕಾರು, ಏರು ಬಂದ್ರೆ ಏದುಸಿರು ಬಿಡುತ್ತೆ ಅಂತಿದ್ದ. ಡ್ವೇನ್ ಬಂದಾಗ್ಲೆಲ್ಲ ಬಾಟಲಿ ಹಾಕ್ಸು, ಬಾಟಲಿ ಹಾಕ್ಸು ಅಂತ ಒಂದೇ ರಾಗ. ವೆಸ್ ಕಡೆಗೂ ಒಪ್ಲಿಲ್ಲ. ಬಾಟಲಿ ಹಬ್ಬದೂಟ, ಎಂಜಿನ್‌ಗೆ ಸದಾ ಗಾಳಿ ಒತ್ತಿ ತುಂಬೋ ಟರ್ಬೊ ಮನೆಯೂಟ ಅಂತಿದ್ದ. ಬಾಟಲಿ ನಾಲ್ಕು ಸಲ ಒತ್ತಿದ್ರೆ ಖಾಲಿ, ಮತ್ತೆ ತುಂಬಿಸೋಕೆ ಅಲೀಬೇಕು. ದಿನಾ ಕೆಲಸಕ್ಕೆ ಹೋಗೋನಿಗೆ ಅದಾಗಲ್ಲ ಅಂತ ಟರ್ಬೊ ತರಿಸ್ದ. ಗುರುವಾರ ಪೆಟ್ಟಿಗೆ ಬಂತು."

"ಆಮೇಲೆ?"

"ಶನಿವಾರ ನಾನು ತಂಗಿ ಮನೆಗೆ ಹೋಗಿದ್ದೆ. ಭಾನುವಾರ ಸಂಜೆ ಬಂದ್ರೆ, ದೀಪಾನೂ ಹಾಕ್ದೆ ಗರಾಜಿನಲ್ಲಿ ಕೂತಿದ್ದ. 'ಅದು ಭೂತ ಅಲ್ಲ ಕಾರ್ಲೀನ್' ಅಂದ. ಅಷ್ಟೇ. ಇನ್ನೊಂದು ಮಾತಾಡ್ಲಿಲ್ಲ."

"ಯಾವ ಭೂತ?"

ಅವಳು ಕೋಟನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು. "ಆ ಕಾರು ರೈಲು ಹಳಿ ದಾಟಿದಾಗ್ಲೆಲ್ಲ ಮುಂದ್ಗಡೆಯಿಂದ ಒಂದು ಸದ್ದು ಬರ್ತಿತ್ತು. ಟಕ್, ಟಕ್. ಒಳಗೆ ಯಾರೋ ಕೂತು ಬೆರಳಲ್ಲಿ ತಟ್ಟಿದ ಹಾಗೆ. ಭೂತ ಬಾಡಿಗೆಗಿದೆ ಅಂತ ನಗ್ತಿದ್ವಿ. ಆಮೇಲಾಮೇಲೆ ನಂಗೆ ಆ ಕಾರು ಹತ್ತೋಕೇ ಹೆದರಿಕೆ. ಡ್ವೇನ್‌ಗೆ ಹೇಳಿದ್ರೆ, ಪ್ಲಾಸ್ಟಿಕ್ ಅಷ್ಟೇ, ಬಿಚ್ಚೋಕೆ ಹೋಗ್ಬೇಡಿ, ಇನ್ನೂ ಹಾಳಾಗುತ್ತೆ ಅಂದ."

* * *

ಡ್ವೇನ್ ಸ್ಟ್ರಿಕ್ಲಂಡ್‌ನ ವರ್ಕ್‌ಶಾಪು ಹೆದ್ದಾರಿಯ ಬದಿಗಿತ್ತು. ಮಂಜಿನಲ್ಲಿ ಅದರ ಬೋರ್ಡಿನ ಕೆಂಪು ಮಾತ್ರ ಕಾಣುತ್ತಿತ್ತು. ಅವನೂ ನೆಲ್ಡಾಳೂ ಒಂದೇ ಸ್ಕೂಲಿನವರು.

"ಬಾ ನೆಲ್ಡಾ. ಯಾರಿಗೆ ಬೇಕಿತ್ತು ಈ ಸಾವು," ಎಂದ. ಕಣ್ಣು ಕೆಂಪಾಗಿದ್ದವು.

"ಆ ಬಾಟಲಿ ನಿನ್ನ ಅಂಗಡಿಯದಾ?"

"ನಂದೇ. ಶುಕ್ರವಾರ ಸಂಜೆ ಡಿಕ್ಕಿಗೆ ಕೂರಿಸಿಕೊಟ್ಟೆ. ಎಂಜಿನ್‌ವರೆಗೆ ಕೊಳವೆ ನಾನೇ ಎಳ್ಕೋತೀನಿ ಅಂದ. ಮೂತಿ ಸರಿಯಾಗಿ ಮುಚ್ಚಿಲ್ಲ ಅಂತ ಕಾಣುತ್ತೆ. ನಾನೇ ಪೂರ್ತಿ ಮಾಡಿಕೊಡ್ಬೇಕಿತ್ತು."

"ಟರ್ಬೊ ತರಿಸಿದ್ನಂತಲ್ಲ?"

"ತರಿಸ್ದ. ಆಮೇಲೆ ಭಯ ಬಿತ್ತು. ಹಳೇ ಎಂಜಿನ್ನು, ದಿನಾ ಓಡೋದು, ಬಿಸಿಗೆ ಸೀದುಹೋಗುತ್ತೆ ಅಂತ ನಾನೂ ಹೇಳಿದ್ದೆ. ಟರ್ಬೊ ಅಂದ್ರೆ ಮುಂಭಾಗ ಪೂರ್ತಿ ಬಿಚ್ಬೇಕು. ಬಾಟಲಿಗಾದ್ರೆ ಡಿಕ್ಕಿಯಲ್ಲಿ ನಾಲ್ಕು ಬೋಲ್ಟು. ಆ ಪೆಟ್ಟಿಗೆ ವಾಪಸ್ ಕಳಿಸ್ತೀನಿ ಅಂದ. ಮುಂಭಾಗ ಮುಟ್ಟೇ ಇಲ್ಲ ಅವನು."

"ಭಾನುವಾರ ಮಾತಾಡಿದ್ಯಾ?"

"ಇಲ್ಲ. ಶುಕ್ರವಾರವೇ ಕೊನೆ."

* * *

ಎಫ್ರೇನ್ ಓರೋಸ್ಕೊನ ಮನೆಯಲ್ಲಿ ದಾಲ್ಚಿನ್ನಿ ಹಾಕಿದ ಕಾಫಿಯ ವಾಸನೆಯಿತ್ತು. ಗೋಡೆಯ ಮೇಲೆ ಮಗಳ ಫೋಟೊ. ಮುದುಕ ಲೋಟ ಮುಂದಿಟ್ಟು, ಕೂರದೆ ನಿಂತ.

"ನನ್ನನ್ನ ಹಿಡಿಯೋಕೆ ಬಂದ್ಯಾ ಮಗಳೇ?"

"ಕೇಳೋಕೆ ಬಂದೆ, ತಾತ. ಸತ್ತವನು ನಿಮಗೆ ಗೊತ್ತಾ?"

ಪೊಲೀಸರೆಂದರೆ ಅವನಿಗೆ ಮೊದಲಿನಿಂದಲೂ ಅಳುಕು.

"ಭಾನುವಾರ ಬೆಳಿಗ್ಗೆ ಬಂದಿದ್ದ. ಮಂಜಿನಲ್ಲಿ ಯಾರೋ ಅಳ್ತಿರೋ ಸದ್ದು ಕೇಳ್ತು. ಒಂದು ಗಳಿಗೆ ನಾನು ಅವಳೇ ಅಂದ್ಕೊಂಡೆ. ಹತ್ರ ಹೋದ್ರೆ ಇವನು. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ಒಂದೇ ಮಾತು ಕೇಳ್ದ. ನಿಮ್ಮ ಮಗಳ ಸೈಕಲ್ ಯಾವ ಬಣ್ಣದ್ದಿತ್ತು ಅಂತ."

"ನೀವೇನಂದ್ರಿ?"

"ನವಿಲಿನ ಕತ್ತಿನ ಬಣ್ಣ ಅಂದೆ. ಅವಳೇ ಬಳ್ಕೊಂಡಿದ್ಲು. ಅದನ್ನ ಕೇಳಿದವನೇ ಮೊಣಕಾಲೂರಿ ಕೂತುಬಿಟ್ಟ. 'ನಾನಲ್ಲ, ಆದ್ರೆ ನಂಗೊತ್ತು. ಒಂದು ದಿನ ಟೈಮ್ ಕೊಡಿ, ಅವನೇ ಬಂದು ಒಪ್ಕೊಳ್ಳೋ ಹಾಗೆ ಮಾಡ್ತೀನಿ' ಅಂದ."

ನೆಲ್ಡಾ ಲೋಟ ಕೆಳಗಿಟ್ಟಳು.

"ಇದನ್ನ ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ ತಾತ?"

"ಹೋದ ವರ್ಷ ನಾನು ಹೇಳಿದ್ದನ್ನೆಲ್ಲ ಯಾರು ಕೇಳಿದ್ರು?"



* * *

ಮಧ್ಯಾಹ್ನ ಡಾಕ್ಟರು ಫೋನ್ ಮಾಡಿದರು. ಕಿವಿಯ ಹಿಂದೆ, ಕೂದಲೊಳಗೆ, ಒಂದು ಊತ. ಬದುಕಿದ್ದಾಗಲೇ ಬಿದ್ದ ಏಟು.

ನೆಲ್ಡಾ ಕಾರು ನಿಲ್ಲಿಸಿದ್ದ ಶೆಡ್ಡಿಗೆ ಹೋಗಿ ಮೊಣಕಾಲೂರಿದಳು. ಬಂಪರಿನ ಕೆಳಗಿನ ಜಾಲರಿಗೆ ಟಾರ್ಚ್ ಹಿಡಿದಳು. ಒಳಗೆ ಏನೋ ಹೊಸದು ಥಳಥಳಿಸಿತು. ಪೊಲೀಸ್ ಮೆಕ್ಯಾನಿಕ್ ಬಂಪರ್ ಕಳಚಿದ.

"ಟರ್ಬೊದ ಬಿಸಿಗಾಳಿ ತಣಿಸೋ ಜಾಲರಿ ಇದು ಮೇಡಂ. ಹೊಚ್ಚಹೊಸದು. ಆದ್ರೆ ಇಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರ್ಬೇಕು, ಗುದ್ದು ತಡೆಯೋಕೆ. ಅದನ್ನ ಯಾರೋ ಬಿಚ್ಚಿದ್ದಾರೆ."

ವೆಸ್‌ನ ಗರಾಜಿನಲ್ಲಿ ಪಟ್ಟಿ ಇರಲಿಲ್ಲ. ನೆಲ್ಡಾ ಹಾಲಿನ ಕಾರ್ಖಾನೆಗೆ ಹೋದಳು. ಭಾನುವಾರ ಮಧ್ಯಾಹ್ನ ರಜೆಯಲ್ಲೂ ವೆಸ್ ಅಲ್ಲಿಗೆ ಬಂದುಹೋಗಿದ್ದನಂತೆ. ಅವನ ಬೀರುವಿನಲ್ಲಿ, ಬಿಳಿ ಲ್ಯಾಬ್ ಕೋಟುಗಳ ಹಿಂದೆ, ಟವೆಲ್ ಸುತ್ತಿದ ಉದ್ದನೆಯ ವಸ್ತು ನಿಂತಿತ್ತು. ಎತ್ತಿಕೊಂಡಾಗ ಒಳಗಿನಿಂದ ಸದ್ದು ಬಂತು.

ಟಕ್. ಟಕ್.

ಅವಳು ಟವೆಲ್ ಬಿಚ್ಚಿದಳು.

* * *

ಮರುದಿನ ಬೆಳಿಗ್ಗೆ ನೆಲ್ಡಾ ಡ್ವೇನ್‌ನನ್ನು ಠಾಣೆಗೆ ಕರೆಸಿದಳು.

"ನಿನ್ನ ಅಂಗಡಿ ಬಾಟಲಿಯಲ್ಲಿ ಆ ಘಾಟು ಯಾಕೆ ಡ್ವೇನ್?"

"ಕಾರಿನ ಗ್ಯಾಸಿಗೆ ಬೇಕಂತಲೇ ಬೆರೆಸ್ತಾರೆ. ಅಮಲಿಗೆ ಯಾರೂ ಮೂಸಬಾರ್ದು ಅಂತ."

"ಎಚ್ಚರ ಇದ್ದವನು ಆ ಘಾಟಲ್ಲಿ ಎಷ್ಟು ಹೊತ್ತು ಕೂರ್ತಾನೆ?"

ನೆಲ್ಡಾ ಮುಂದಿದ್ದ ಫೈಲು ತೆರೆದಳು.

"ಬಾಗಿಲು ತೆಗೆದ ನಮ್ಮವನು ಅರ್ಧ ನಿಮಿಷ ನಿಲ್ಲೋಕಾಗ್ದೆ ಓಡಿಬಂದ. ವೆಸ್ ಮಾತ್ರ ಅಲುಗಾಡದೆ ಕೂತಿದ್ದ. ಯಾಕಂದ್ರೆ ಗ್ಯಾಸ್ ಬಿಡೋಕೆ ಮುಂಚೆನೇ ಅವನಿಗೆ ಎಚ್ಚರ ತಪ್ಪಿತ್ತು. ಕಿವಿ ಹಿಂದೆ ಏಟು ಬಿದ್ದಿತ್ತು."

"ಹಾಗಾದ್ರೆ ಆ ಮುದುಕನ್ನ ಕೇಳು."

"ಮುದುಕನ ಹತ್ರ ನಿನ್ನ ಅಂಗಡಿಯ ಬಾಟಲಿ ಎಲ್ಲಿಂದ ಬರ್ಬೇಕು? ವೆಸ್ ಮುಂಭಾಗ ಮುಟ್ಟೇ ಇಲ್ಲ ಅಂದೆ ನೀನು. ಅವನು ಬಂಪರ್ ಬಿಚ್ಚಿದ್ದಾನೆ. ಟರ್ಬೊದ ಜಾಲರಿ ಆಗ್ಲೇ ಕೂತಿದೆ. ಅವನು ಮನಸ್ಸು ಬದಲಾಯಿಸಿರ್ಲಿಲ್ಲ. ಹಾಗಾದ್ರೆ ಬಾಟಲಿ ಕಥೆ ಯಾರಿಗೆ ಬೇಕಿತ್ತು? ಬಂಪರ್ ಬಿಚ್ಚೋದು ಯಾರಿಗೆ ಬೇಡವಾಗಿತ್ತೋ ಅವನಿಗೆ. ಆರು ತಿಂಗಳು ನೈಟ್ರಸ್, ನೈಟ್ರಸ್ ಅಂತ ಅವನ ಬೆನ್ನು ಹತ್ತಿದ್ದು ಅದಕ್ಕೇ ಅಲ್ವಾ? ಹೋದ ಜನವರಿಯಲ್ಲಿ ಆ ಕಾರು ನಿಂದು. ಹೊರಗಿನ ಬಂಪರ್, ದೀಪ ಬದಲಾಯಿಸ್ದೆ. ಒಳಗಿನ ಪಟ್ಟಿ ಹಾಗೇ ಬಿಟ್ಟೆ."

"ನಿನ್ನ ಹತ್ರ ಏನಿದೆ? ಬರೀ ಬಾಯಿ ಮಾತು."

"ಆ ಪಟ್ಟಿ ಸಿಕ್ಕಿದೆ."

"ಸುಳ್ಳು. ಗರಾಜಿನಲ್ಲಿ ಅದು ಇರ್ಲೇ ಇಲ್ಲ."

ತಾನು ಏನು ಹೇಳಿದೆನೆಂದು ಡ್ವೇನ್‌ಗೆ ನಿಧಾನವಾಗಿ ಹೊಳೆಯಿತು.

"ಕಾರ್ಲೀನ್ ಹೆಣ ಗುರುತಿಸೋಕೆ ಹೋದಾಗ ಊಟ ತಂದ ನೆಪದಲ್ಲಿ ಗರಾಜು ಜಾಲಾಡ್ದೆ," ಎಂದಳು ನೆಲ್ಡಾ. "ಅದು ಅವನ ಕೆಲಸದ ಜಾಗದಲ್ಲಿತ್ತು. ಪಟ್ಟಿಯ ಒಳಗೆ ಸೈಕಲ್ ಪೆಡಲಿನ ತುಂಡು ಸಿಕ್ಕಿಹಾಕ್ಕೊಂಡಿದೆ. ಹತ್ತು ತಿಂಗಳು ಅವರಿಬ್ಬರು ಕೇಳಿಸ್ಕೊಂಡ ಸದ್ದು ಅದು. ಪಟ್ಟಿಗೆ ಅಂಟಿದ ಬಣ್ಣವೂ ನಮ್ಮ ಹತ್ರ ಇರೋ ಮಾರಿಸೋಲ್ ಸೈಕಲ್ಲಿಂದೂ ಒಂದೇ. ಮತ್ತೆ, ಶುಕ್ರವಾರವೇ ಕೊನೆ ಅಂದ್ಯಲ್ಲ, ಭಾನುವಾರ ಸಂಜೆ ವೆಸ್ ನಿಂಗೆ ಎರಡು ಸಲ ಫೋನ್ ಮಾಡಿದ್ದಾನೆ."

ಡ್ವೇನ್ ಅಂಗೈಯಲ್ಲಿ ಮುಖ ಒತ್ತಿಕೊಂಡ. ದನಿ ಅಲ್ಲಿಂದಲೇ ಬಂತು.

"ಮಂಜಲ್ಲಿ ಕಾಣ್ಲಿಲ್ಲ. ನಾಯಿ ಅಂದ್ಕೊಂಡೆ. ದೇವರಾಣೆ ನಾಯಿ ಅಂದ್ಕೊಂಡೆ. ವೆಸ್ ಸೋಮವಾರ ನಸುಕಿಗೆ ಆ ಸೈಕಲ್ ಹತ್ರಾನೇ ಬಾ ಅಂದ. ಅವಳ ಅಪ್ಪ ಬರೋವರೆಗೂ ಇಲ್ಲೇ ಕೂತಿರೋಣ, ನೀನೇ ಹೇಳ್ಬೇಕು ಅಂದ. ಕೈ ಮುಗಿದೆ. ಕೇಳ್ಲಿಲ್ಲ. ನಂಗೆ ಬೆನ್ನು ತಿರುಗಿಸಿ ಕಾರಲ್ಲಿ ಕೂತ."

"ನೀನು ಬಾಟಲಿ ತಂದಿದ್ದೆ."

ಡ್ವೇನ್ ಮುಖ ಎತ್ತದೆಯೇ ಹೌದೆಂದು ತಲೆಯಾಡಿಸಿದ.

"ಮನೆಯಿಂದ ಹೊರಡೋವಾಗ್ಲೇ ತಂದಿದ್ದೆ, ಡ್ವೇನ್," ಎಂದಳು ನೆಲ್ಡಾ. "ಇದು ಮಂಜು ಮಾಡಿದ ಕೆಲಸ ಅಲ್ಲ."

* * *

ವೆಸ್ಲಿಯನ್ನು ಮಣ್ಣು ಮಾಡಿದ್ದು ಶನಿವಾರ. ಚರ್ಚಿನ ಕೊನೆಯ ಬೆಂಚಿನ ಹಿಂದೆ, ಗೋಡೆಗೆ ಒರಗಿ, ಎಫ್ರೇನ್ ನಿಂತಿದ್ದ. ಬಾಡಿಗೆಗೆ ತಂದ ಕೋಟಿನ ತೋಳು ಅವನಿಗೆ ಉದ್ದವಾಗಿತ್ತು. ಅವನು ಯಾರೆಂದು ನೆಲ್ಡಾ ಕಾರ್ಲೀನ್‌ಳ ಕಿವಿಯಲ್ಲಿ ಹೇಳಿದಳು.

ಕಾರ್ಲೀನ್ ಎದ್ದಳು. ಅಷ್ಟೂ ಜನರ ನಡುವೆ ಹಿಂದಕ್ಕೆ ನಡೆದುಹೋಗಿ ಮುದುಕನ ಮೊಣಕೈ ಹಿಡಿದಳು.

"ವೆಸ್ ನಿಮ್ಮ ಮಗಳಿಗಾಗಿ ಅಂತಲೇ ಹೋದವನು," ಎಂದಳು. "ಮುಂದೆ ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ."