ಆಮೆಯವ್ವನ ಉಸಿರು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಉರಿಗೋಟೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಒಲೆಗೆಂದು ಯಾರೂ ಸೌದೆ ಒಡೆಯುತ್ತಿರಲಿಲ್ಲ, ಯಾರೂ ಬೆಂಕಿ ಹಚ್ಚುತ್ತಿರಲಿಲ್ಲ. ಕೋಟೆಯ ಕೆಳಗಿನ ಗವಿಯಲ್ಲಿ ಒಂದು ಬೆಂಕಿಯಾಮೆ ಮಲಗಿತ್ತು. ಗವಿಯಿಂದ ಮನೆಮನೆಯ ಒಲೆಗೂ ಮಣ್ಣಿನ ಕೊಳವೆ ಹಾಕಿದ್ದರು. ಕೊಳವೆಗೆ ಬಾಯಿಟ್ಟು "ಅವ್ವಾ, ಉಸಿರು ಕೊಡು" ಎಂದರೆ ಸಾಕು, ಒಲೆಯಲ್ಲಿ ಉರಿ ಏಳುತ್ತಿತ್ತು. ಆ ಉರಿಯಲ್ಲೇ ಅನ್ನ ಬೇಯುತ್ತಿತ್ತು, ಆ ಉರಿಯಲ್ಲೇ ಗಾಜು ಕರಗಿ ಬಳೆಯಾಗುತ್ತಿತ್ತು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಅವರಿಗೂ ಗೊತ್ತಿತ್ತು. ಅದು ಬೇರೆ ಊರಿನವರಿಗೆ ಹೇಳಿದ್ದು ಎಂದುಕೊಂಡಿದ್ದರು.

ಗವಿಯ ಬಾಗಿಲಲ್ಲೇ ಗುಡಿಸಲು ಹಾಕಿಕೊಂಡು ನೀಲಬ್ಬೆ ಎಂಬ ಹುಡುಗಿ ಇದ್ದಳು. ಹೆತ್ತವರಿಲ್ಲದ ಕೂಸನ್ನು ಆಮೆಯೇ ತನ್ನ ಚಿಪ್ಪಿನ ಕಾವಿನಲ್ಲಿ ಸಾಕಿತ್ತು. ಲೋಕದಲ್ಲಿ ತನ್ನದೆಂದು ಅವಳಿಗಿದ್ದದ್ದು ಅದೊಂದೇ ಜೀವ.

ಒಂದು ದಿನ ಆಮೆ ಹೇಳಿತು: "ಮಗಳೆ, ನನಗೆ ಮುಪ್ಪಾಯಿತು. ಉಸಿರು ಬಿಡುವಾಗ ಎದೆ ಸೀಳುತ್ತದೆ. ನಾನಿನ್ನು ಹೋಗಬೇಕು. ಬೆಂಕಿ ಮಾಡಿಕೊಳ್ಳುವುದನ್ನು ಊರಿಗೆ ಕಲಿಸು."

ನೀಲಬ್ಬೆ ಅಳುತ್ತಲೇ ಅರಮನೆಗೆ ಹೋಗಿ ಸುದ್ದಿ ಹೇಳಿದಳು. ರಾಜನ ಪಕ್ಕದಲ್ಲಿ ಮಸಿಕೇತ ಎಂಬ ಮಾಂತ್ರಿಕ ನಿಂತಿದ್ದ. "ಚಿಂತೆ ಬೇಡ ಪ್ರಭು, ಆಮೆ ಸಾಯದ ಹಾಗೆ ನಾನು ಕಟ್ಟುಹಾಕುತ್ತೇನೆ" ಎಂದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ರಾಜ ಕೂಡಲೇ ಒಪ್ಪಿದ.

ಮಾಂತ್ರಿಕನ ಕಟ್ಟು ಹೀಗಿತ್ತು: ಊರಿನ ಒಂದೇ ಒಂದು ಒಲೆ ಉಸಿರು ಬೇಡುತ್ತಿದ್ದರೂ ಆಮೆಗೆ ಸಾವಿಲ್ಲ. ಕಟ್ಟು ಇರುವ ತನಕ ತನಗೂ ಸಾವು ಬರದಿರಲೆಂದು ಮಸಿಕೇತ ತನ್ನ ಜೀವವನ್ನೂ ಅದರಲ್ಲೇ ಇಟ್ಟ. ಆ ಕಟ್ಟಿಗೂ ಆಹಾರ ಬೇಕಲ್ಲ? ಮೊದಲ ವರ್ಷ ಮೂಡಲ ಕಾಡನ್ನು ಕೇಳಿದ. ಕೊಟ್ಟರು, ಕಾಡು ಬೂದಿಯಾಯಿತು. ಎರಡನೆಯ ವರ್ಷ ದೊಡ್ಡ ಕೆರೆಯನ್ನು ಕೇಳಿದ. ಕೊಟ್ಟರು, ಕೆರೆ ಆವಿಯಾಯಿತು. ಮೂರನೆಯ ವರ್ಷ, ಸಂಕ್ರಾಂತಿಯ ಹೊತ್ತಿಗೆ ತೊಟ್ಟಿಲ ಕೂಸುಗಳ ಮೈಬಿಸಿಯನ್ನು ಕೊಡಿ ಎಂದ. ಆಗ ಊರು ನಡುಗಿತು.

ಗವಿಯಲ್ಲಿ ಆಮೆ ಸಾಯಲಾರದೆ ನರಳುತ್ತಿತ್ತು. "ಒಲೆಗಳನ್ನೆಲ್ಲ ನನ್ನ ಉಸಿರಿನಿಂದ ಬಿಡಿಸು ಮಗಳೆ. ಕೂಸುಗಳು ಉಳಿಯಲಿ, ನಾನು ಹೋಗಲಿ" ಎಂದಿತು. ಯಾವ ಮಗಳಿಗೂ ಇಂಥ ಕೆಲಸ ಬರಬಾರದು. ನೀಲಬ್ಬೆಗೆ ಬಂತು.

ಮೊದಲು ಅವಳು ಬಳೆಗಾರರ ಕೇರಿಗೆ ಹೋದಳು. ಕೇರಿಯ ಹಿರಿಯ ಚೌಡಯ್ಯ ಸಿಟ್ಟಾದ.

"ಸೌದೆ ಬೆಂಕೀಲಿ ಗಾಜು ಕರಗುತ್ತೇನವ್ವ? ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ಬೆಟ್ಟದ ನೆತ್ತೀಲಿ ಗಾಳಿ ಇದೆಯಲ್ಲ ಮಾವ. ಭತ್ತದ ಹೊಟ್ಟಿನ ಬೆಂಕಿಗೆ ಆ ಗಾಳಿ ಊದಿದರೆ ಹೆಂಗೆ?"

ಕುಲುಮೆಗಳನ್ನು ನೆತ್ತಿಗೆ ಸಾಗಿಸಿದರು. ಮೊದಲ ಗಾಜು ಗಂಟುಗಂಟಾಯಿತು, ಎರಡನೆಯದು ಬಿರುಕು ಬಿಟ್ಟಿತು. ಬೇಸತ್ತು ಅರ್ಧ ಕೇರಿ ಗಂಟುಮೂಟೆ ಕಟ್ಟಿ ಹೊರಟೇಹೋಯಿತು. ಉಳಿದವರ ಕೈಯಲ್ಲಿ ಕೊನೆಗೂ ಬಳೆ ಬಂತು. ಹಳೆಯ ಹೊಳಪು ಅದಕ್ಕಿರಲಿಲ್ಲ. ಚೌಡಯ್ಯ ಅದನ್ನು ಹೆಂಡತಿಯ ಕೈಗೆ ತೊಡಿಸಿ, ಮುಖ ಆಚೆ ತಿರುಗಿಸಿಕೊಂಡು ಕೊಳವೆಗೆ ಮಣ್ಣು ಮೆತ್ತಿದ.

ಆಮೇಲೆ ಅಡುಗೆಮನೆಗಳಿಗೆ ಹೋದಳು. ಅಲ್ಲಿ ಇನ್ನೂ ಕಷ್ಟ. ಉರಿಗೋಟೆಯಲ್ಲಿ ಕಟ್ಟಿಗೆಗೆ ಕಟ್ಟಿಗೆ ಉಜ್ಜಿ ಬೆಂಕಿ ಮಾಡುತ್ತಿದ್ದದ್ದು ಚಿತೆಗೆ ಮಾತ್ರ. ಅದನ್ನು ಒಲೆಗೆ ಹಾಕು ಎಂದರೆ ಯಾವ ಹೆಂಗಸು ಕೇಳಿಯಾಳು? ನೀಲಬ್ಬೆಯ ಮುಖಕ್ಕೇ ಬಾಗಿಲು ಹಾಕಿದರು.

"ಸೂತಕದ ಬೆಂಕಿ ಒಲೆಗೆ ಬಿದ್ದರೆ ಮನೆ ಉಳಿದೀತೇನೆ?" ಎಂದು ಮುದುಕಿ ಸಾಕವ್ವ ಗದರಿದಳು.

"ಸಾಯ್ತಿರೋದು ಯಾರಜ್ಜಿ?" ಎಂದಳು ನೀಲಬ್ಬೆ.

ಸಾಕವ್ವ ಒಳಗೆ ತಿರುಗಿ ನೋಡಿದಳು. ಅವಳ ಒಲೆಯ ಕೊಳವೆಯಲ್ಲಿ ನರಳುವ ಸದ್ದು ಕೇಳುತ್ತಿತ್ತು.

"ತಾಯಿ" ಎಂದಳು ಕೊನೆಗೆ. "ಊರಿಗೆಲ್ಲ ತಾಯಿ. ತಾಯಿ ಹೋಗೋವಾಗ ಮಕ್ಕಳು ಬೆಂಕಿ ಮಾಡಲೇಬೇಕು ಕಣವ್ವ. ಒಬ್ಬರಲ್ಲ, ಎಲ್ಲ ಮಕ್ಕಳೂ."

ಅವಳೇ ಮೊದಲು ಕಟ್ಟಿಗೆ ಹಿಡಿದಳು. ಆ ವಾರವೆಲ್ಲ ಊರಿನ ಹೆಂಗಸರು ಸಾವಿನ ಮನೆಯಲ್ಲಿ ಅಳುವ ಹಾಗೆ ಅಳುತ್ತ, ಅಂಗೈ ಬೊಬ್ಬೆ ಬರುವ ತನಕ ಉಜ್ಜಿ, ಬೆರಣಿಗೆ ಬೆಂಕಿ ಹತ್ತಿಸಿ ಕೊಳವೆಗಳನ್ನು ಮುಚ್ಚಿದರು. ಅರಮನೆಯ ಒಲೆಯೂ ಮುಚ್ಚಿತು. ರಾಣಿಯ ತೊಟ್ಟಿಲಲ್ಲೂ ಒಂದು ಕೂಸಿತ್ತು ನೋಡಿ!

ಸಂಕ್ರಾಂತಿ ಬಂತು. ಆಮೆ ಸಾಯಲಿಲ್ಲ. ಮಸಿಕೇತ ಬೀದಿಯಲ್ಲಿ ನಿಂತು ನಕ್ಕ. "ಇನ್ನೂ ಒಂದು ಒಲೆ ಬೇಡುತ್ತಿದೆ. ತನ್ನಿ ಕೂಸುಗಳನ್ನು" ಎಂದ. ಜನ ಮನೆಮನೆ ಹುಡುಕಿದರು. ಎಲ್ಲ ಕೊಳವೆಗಳಲ್ಲೂ ಮಣ್ಣು ಒಣಗಿತ್ತು.

ನೀಲಬ್ಬೆ ಗವಿಗೆ ಓಡಿದಳು. "ಅವ್ವಾ, ಯಾರ ಮನೆಯದು?"

"ಬೆಳಿಗ್ಗೆ ನೀನು ಗಂಜಿ ಕಾಸಿದ್ದು ಯಾವ ಬೆಂಕಿಯಲ್ಲಿ ಮಗಳೆ?" ಎಂದಿತು ಆಮೆ, ಮೆಲ್ಲಗೆ.

ಊರಿಗೆಲ್ಲ ಕಲಿಸಿದವಳು ತನ್ನ ಕೊಳವೆಯನ್ನು ಮಾತ್ರ ಮುಚ್ಚಿರಲಿಲ್ಲ. ಅವಳು ದಿನವೂ ಕರೆಯುತ್ತಿದ್ದದ್ದು ಗಂಜಿಗಾಗಿ ಅಲ್ಲ. ಅವ್ವ ಓಗೊಡುವುದನ್ನು ಕೇಳಲೆಂದು ಕರೆಯುತ್ತಿದ್ದಳು.

"ಇನ್ನೊಂದೇ ಒಂದು ಸಲ ಕರೀಲಾ ಅವ್ವಾ, ಕೊಳವೆಯಿಂದ?"

"ಕರೆದರೆ ನಾನು ಉಸಿರು ಕೊಡಲೇಬೇಕಾಗುತ್ತದೆ, ಕಂದ."

ಅವಳು ಕರೆಯಲಿಲ್ಲ. ಗುಡಿಸಲಿಗೆ ಹೋಗಿ ಮಣ್ಣು ಕಲಸಿದಳು. ಕೈ ಮೇಲೇಳದು. ಊರೊಳಗಿಂದ ತಾಯಂದಿರ ಗೋಳು ಕೇಳಿಸಿತು. ಆಗ ಎರಡು ಕೈಯಿಂದಲೂ ಕೊಳವೆಗೆ ಮಣ್ಣು ಒತ್ತಿ ಹಿಡಿದಳು. ಮಣ್ಣಿನ ಆಚೆಯಿಂದ ಒಂದು ಬೆಚ್ಚನೆಯ ಉಸಿರು ಅವಳ ಅಂಗೈಗೆ ತಾಗಿತು, ಮತ್ತೆ ತಾಗಲಿಲ್ಲ.

ಬೀದಿಯಲ್ಲಿ ಮಸಿಕೇತ ನಗುನಗುತ್ತಲೇ ಮಸಿಯಾಗಿ ಉದುರಿದ. ಗಾಳಿ ಅವನನ್ನು ಗುಡಿಸಿಕೊಂಡು ಹೋಯಿತು. ಕೂಸುಗಳು ಉಳಿದವು. ನಾಲ್ಕಾರು ಮಳೆಗಾಲ ಕಳೆದ ಮೇಲೆ ಕೆರೆ ತುಂಬಿತು, ಬೂದಿಯಲ್ಲಿ ಸಸಿ ಎದ್ದವು. ಹೋದ ಬಳೆಗಾರರಲ್ಲಿ ಕೆಲವರು ಮರಳಿ ಬಂದರು. ಊರು ಸುಖವಾಗಿತ್ತು.

ನೀಲಬ್ಬೆಯೂ ಮದುವೆಯಾಗಿ, ಮಕ್ಕಳನ್ನು ಹೆತ್ತು ಸುಖವಾಗಿದ್ದಳು. ಕತೆ ಹೇಳುವವರು ಹಾಗೆ ಹೇಳಲೇಬೇಕು, ಅದು ಸುಳ್ಳೂ ಅಲ್ಲ. ಆದರೆ ಬೆಳಿಗ್ಗೆ ಒಲೆಯ ಮುಂದೆ ಕೂತಾಗಲೆಲ್ಲ ಅವಳ ಬಾಯಲ್ಲಿ "ಅವ್ವಾ" ಎಂದು ಬಂದೇ ಬರುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತಿದ್ದಳು. ಆಮೇಲೆ ಕಟ್ಟಿಗೆ ಎತ್ತಿಕೊಂಡು ಉಜ್ಜತೊಡಗುತ್ತಿದ್ದಳು.