ಭಾಗವ್ವನ ಟ್ರಂಕಿನ ಕರ್ಪೂರ

ಟ್ರಂಕು ತೆರೆದಿತ್ತು. ಕಿರೀಟ ಇರಲಿಲ್ಲ.

೧೯೭೧ರ ಒಂದು ಭಾನುವಾರ, ಬೆಳಗಿನ ಆರೂವರೆ. ಸಯನ್ನಿನ ಚಾಳಿನಲ್ಲಿ ಭಾಗವ್ವ ನಳದ ನೀರು ಹೊತ್ತು ಬಂದವಳು ಹೊಸ್ತಿಲಲ್ಲೇ ಕೂಗಿಕೊಂಡಳು. ತೀರಿಹೋದ ಗಂಡ ಕಟ್ಟಿದ ಬಯಲಾಟದ ಮೇಳಕ್ಕೆ ಇದ್ದದ್ದು ಅದೊಂದೇ ಕಿರೀಟ. ಆಟ ಮಧ್ಯಾಹ್ನ ಮೂರಕ್ಕೆ.

ಪಕ್ಕದ ಖೋಲಿಯ ಹವಾಲ್ದಾರ ಬಸವಂತರಾಯ ಚಹದ ಕಪ್ಪು ಹಿಡಿದೇ ಓಡಿಬಂದ. ನಸುಕಿಗೇ ಆಚೆ ಗೋಡೆಯಿಂದ ಕೇಳಿದ ರೊಟ್ಟಿ ಬಡಿಯುವ ಸದ್ದಿಗೆ ಎದ್ದು ಕುಳಿತಿದ್ದವನು. ಕೆಲಸ ಪೊಲೀಸಿನದು, ಜೀವ ಮಾತ್ರ ಬಯಲಾಟದಲ್ಲಿ. ಮೂರು ವರ್ಷ ತಾಲೀಮಿನ ಮೂಲೆಯಲ್ಲಿ ಕುಳಿತು ಕೇಳಿದ್ದ. ರಾಜನ ಪದಗಳೆಲ್ಲ ಬಾಯಿಪಾಠ. ಆ ಬಾಯಿ ಮಾತ್ರ ಒಮ್ಮೆಯೂ ತೆರೆದಿರಲಿಲ್ಲ.

ಬಗ್ಗಿ ನೋಡಿದ. ಟ್ರಂಕಿನ ಮುಂದೆ ಕರ್ಪೂರ ಉರಿದ ಕಪ್ಪು ಕಲೆ. ತಾನು ಹಚ್ಚಿಲ್ಲವೆಂದಳು ಭಾಗವ್ವ.

* * *

ಎಲ್ಲರ ಬೆರಳೂ ಮೇಳದ ವೇಷಧಾರಿ ದಾನಪ್ಪನತ್ತ. ಪದ ಮರೆತದ್ದಕ್ಕೆ ಭಾಗವ್ವ ಬೈದಳೆಂದು ನಿನ್ನೆ ಗೆಜ್ಜೆ ಬಿಸಾಡಿ ಹೋಗಿದ್ದ ಗಾರೆಕೆಲಸದ ಗೌಂಡಿ. ಅವನೋ ರಾತ್ರಿಯೆಲ್ಲ ಬೊರಿವಲಿಯಲ್ಲಿ ಮದ್ದಳೆಯವನ ಮನೆಯಲ್ಲಿದ್ದು, ಅವನ ಜೊತೆಗೇ ಆಗಷ್ಟೇ ಬಂದಿಳಿದಿದ್ದ.

"ನಾಕ್ ಪದಾನ ತಲ್ಯಾಗ ನಿಲ್ಲೂದಿಲ್ಲ," ಎಂದ ದಾನಪ್ಪ. "ಕಿರೀಟ ಎಲ್ಲಿ ನಿಂದರಸ್ಲಿ?"

ಅಷ್ಟರಲ್ಲಿ ಹವಾಲ್ದಾರನ ಆಚೆ ಗೋಡೆಯ ಖೋಲಿಯ ಮರೆಪ್ಪ ಬಂದ. ಮಿಲ್ಲಿನಲ್ಲಿ ಎಂಟು ವರ್ಷದಿಂದ ಕಾಯಂ ಆಗದ ಬದಲಿ ಕೆಲಸಗಾರ; ಮೇಳದಲ್ಲಿ ರಾಜ. ಆಟ ನಿಂತಿತೆಂದು ಮರುಗಿದ. ಹಾಗಿದ್ದರೆ ಡ್ಯೂಟಿಗಾದರೂ ಹೋಗುವೆನೆಂದ. ಕೈಯಲ್ಲಿ ಬುತ್ತಿಯ ಡಬ್ಬಿ.

ಬಸವಂತರಾಯ ಆ ಡಬ್ಬಿಯನ್ನೇ ನೋಡಿದ.

* * *

ಮರೆಪ್ಪನನ್ನೂ ಭಾಗವ್ವನನ್ನೂ ಒಳಗೆ ಕರೆದು ಬಾಗಿಲು ಮುಂದೆ ಮಾಡಿದ.

"ಹೊರಗಿನ ಕಳ್ಳ ಕರ್ಪೂರ ಹಚ್ಚೂದಿಲ್ಲೋ ತಮ್ಮಾ. ಪೂಜಿ ಮಾಡಲಾರದ ಈ ಪೆಟಗಿ ತೆಗಿಯಾಕ ಮೇಳದವ ಅಷ್ಟ ಅಂಜತಾನ. ಇನ್ನ, ಕಿರೀಟ ಹೊರಾವ ಆಟ ಮುಗಿಯೂತನ ಉಪಾಸ. ನೀ ಒಬ್ಬಾವ ಇರಾವ. ನಸಿಕಿನ್ಯಾಗ ರೊಟ್ಟಿ ಯಾರಿಗೆ ಬಡದಿ? ಆಟ ಆಗೂದಿಲ್ಲ ಅಂತ ನಿನಗ ಮೊದಲ ಗೊತ್ತಿತ್ತು."

ಮರೆಪ್ಪ ನೆಲಕ್ಕೆ ಕುಳಿತ. ಈ ಭಾನುವಾರ ಬಂದವರ ಹೆಸರು ಪರ್ಮನೆಂಟ್ ಪಟ್ಟಿಗೆ, ತಪ್ಪಿಸಿದವರದು ಇಲ್ಲ ಎಂದಿದ್ದನಂತೆ ಸೂಪರ್‌ವೈಸರ್. ತನ್ನ ತಲೆಗೆ ಮೊದಲು ಕಿರೀಟ ಇಟ್ಟ ಗುರುವಿನ ಹೆಂಡತಿ ಭಾಗವ್ವನಿಗೆ ಆಟ ಒಲ್ಲೆನೆನ್ನಲು ನಾಲಿಗೆ ಏಳಲಿಲ್ಲ. ಕಿರೀಟ ಅವನ ದೇವರ ಮಾಡದಲ್ಲಿತ್ತು, ದೀಪದ ಪಕ್ಕ.

ಭಾಗವ್ವ ಡಬ್ಬಿ ಎತ್ತಿ ಅವನ ಕೈಗಿಟ್ಟಳು.

"ಪಾಳಿ ತಪ್ಪೀತು, ನಡಿ. ಹಸದು ದುಡೀಬ್ಯಾಡ."

"ಆಟ, ಅವ್ವಾ?"

ಅವಳು ಹವಾಲ್ದಾರನತ್ತ ತಿರುಗಿದಳು. "ಮೂರ ವರ್ಷ ಕೇಳೀಯಪ್ಪಾ. ಇವತ್ತ ಹೇಳು."

ಬಸವಂತರಾಯನ ಕೈಯಲ್ಲಿ ಚಹ ಇನ್ನೂ ಹಾಗೇ ಇತ್ತು. ಗುಟುಕೂ ಕುಡಿಯದೆ ಕಪ್ಪನ್ನು ಕೆಳಗಿಟ್ಟ.