ಮಾರ್ಚ್ ವರದಿಯಲ್ಲಿ ಬೊಗಳಿದ ನಾಯಿ

"ಆ ನಾಯಿ ಕ್ರಿಸ್‌ಮಸ್‌ಗೇ ಸತ್ತೋಯ್ತು!" ಎಂದು ಟ್ವೈಲಾ ಸ್ಲೋನ್ ಕೋರ್ಟಿನಲ್ಲಿ ಕೂಗಿದಾಗ, ಸಾಕ್ಷಿಕಟ್ಟೆಯಲ್ಲಿದ್ದ ಲೊರೀನ್ ತನ್ನ ವರದಿಯ ಆ ಸಾಲನ್ನು ಮತ್ತೆ ಓದಿದಳು.

ಕೆಂಟಕಿಯ ಆ ಗುಡ್ಡಗಾಡಿನಲ್ಲಿ ಮನೆಮನೆಗೆ ಹೋಗಿ, ಮಕ್ಕಳ ಸ್ಥಿತಿ ನೋಡಿ, ಕೋರ್ಟಿಗೆ ವರದಿ ಕೊಡುವುದು ಅವಳ ಕೆಲಸ. ಟ್ವೈಲಾಳ ಮನೆಯಲ್ಲಿ ಒಲೆ ಆರಿದೆ, ಮಗು ಚಳಿಗೆ ಕೋಟು ಹಾಕಿಕೊಂಡೇ ಮಲಗಿದೆ, ಬಾಗಿಲಲ್ಲಿ ನಾಯಿ ಬೊಗಳುತ್ತಿದೆ ಎಂದು ಮಾರ್ಚ್ ವರದಿಯಲ್ಲಿತ್ತು. ಅದನ್ನು ನಂಬಿ ಕೋರ್ಟು ಅವಳ ಆರು ವರ್ಷದ ಮಗಳು ಜೋಸಿಯನ್ನು ಸಾಕುವವರ ಮನೆಗೆ ಕಳುಹಿಸಿ ಆರು ವಾರವಾಗಿತ್ತು. ಈಗ ತಾಯಿ ಮಗಳನ್ನು ವಾಪಸ್ ಕೇಳಲು ಬಂದಿದ್ದಳು.

"ನೀನು ಕಣ್ಣಾರೆ ಕಂಡ್ಯಾ?" ಎಂದರು ನ್ಯಾಯಾಧೀಶೆ.

"ವರದಿಯಲ್ಲಿ ಹಾಗಿದೆ, ಅಮ್ಮಾವ್ರೇ."

"ವರದಿಯನ್ನಲ್ಲ, ನಿನ್ನನ್ನ ಕೇಳ್ತಿದೀನಿ."

ಮೂವತ್ತು ಮನೆ ಸುತ್ತುವವಳಿಗೆ ಆ ದಿನ ನೆನಪಾಗಲಿಲ್ಲ. ವಿಚಾರಣೆ ಊಟದ ನಂತರಕ್ಕೆ ಹೋಯಿತು.

ಆ ಕೋರ್ಟಿನಲ್ಲಿ ಯಾವ ಗಂಟಿದ್ದರೂ ಬಿಡಿಸುವವನು ಮುದುಕ ಜವಾನ ವರ್ಲಿನ್. ಲೊರೀನ್ ಅವನ ಹತ್ತಿರ ಹೋದಳು.

"ಯಾರೋ ನನ್ನ ವರದಿ ತಿದ್ದಿದಾರೆ, ಮಾಮ. ನಮ್ಮ ಮೇಲಧಿಕಾರಿ ಪ್ರೂಯಿಟ್‌ಗೆ ಟ್ವೈಲಾನ ಕಂಡ್ರೆ ಆಗಲ್ಲ."

"ಮೊದ್ಲು ಎರಡು ತುತ್ತು ತಿನ್ನು. ಆಮೇಲೆ ಹಳೇ ವರದಿಗಳನ್ನ ತಾ. ಮನೆ ನೋಡಿದ ದಿನವೇ ಬರ್ಕೊಳ್ತೀಯಲ್ಲ, ಆ ಪುಸ್ತಕ ಎಲ್ಲಿ?"

"ಕಾರಲ್ಲೇ ಬಿಟ್ಟೆ."

"ಅದನ್ನ ಬಿಟ್ಟು ಸಾಕ್ಷಿ ಹೇಳೋಕೆ ಬಂದ್ಯಾ!"

ಅವಳು ವರದಿಗಳನ್ನೂ ಪುಸ್ತಕವನ್ನೂ ತಂದಾಗ, ಸಾಲಿನ ಕೆಳಗೆ ಬೆರಳಿಟ್ಟು ಅವನು ಎಲ್ಲವನ್ನೂ ಓದಿದ. ಆಮೇಲೆ ನ್ಯಾಯಾಧೀಶೆಯ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಪ್ರೂಯಿಟ್ ಕೈಗೆ ಬಂದಿದ್ದು ಅಚ್ಚಾದ ಹಾಳೆ. ತಿದ್ದಿದ್ರೆ ಗೊತ್ತಾಗ್ತಿತ್ತು," ಎಂದ ವರ್ಲಿನ್. "ಅಲ್ಲಯ್ಯಾ, ರುಜು ಹಾಕೋ ಮುಂಚೆ ಓದಿದ್ಯಾ?"

"ಇಪ್ಪತ್ತು ವರದಿ ಇತ್ತು ಮಾರಾಯ," ಪ್ರೂಯಿಟ್ ತಲೆ ತಗ್ಗಿಸಿದ.

"ಇದೇ ಮನೆಯ ನವೆಂಬರ್ ವರದಿ ನೋಡಿ," ಎಂದು ವರ್ಲಿನ್ ಮುಂದುವರಿಸಿದ. " ಒಲೆ, ಕೋಟು, ನಾಯಿ, ಒಂದಕ್ಷರ ಆಚೀಚೆ ಇಲ್ಲ. ಕಾಗುಣಿತದ ತಪ್ಪೂ ಅದೇ. ಬೇಕಂತ ಸುಳ್ಳು ಕಟ್ಟೋರು ಸತ್ತ ನಾಯೀನ ಬೊಗಳಿಸ್ತಾರಾ? ಹಳೇದನ್ನ ತೆರೆದು ಅದ್ರ ಮೇಲೇ ಹೊಸದು ಬರೆದೋರು ಒಂದು ಕಡೆ ಅಳಿಸೋದು ಮರೆತಿದಾರೆ."

ಅವನು ಯಾರ ಕಡೆಗೂ ನೋಡಲಿಲ್ಲ. ಮಾರ್ಚ್ ವರದಿ ಬರೆಯುವಾಗ ಫೋನ್ ಬಂದು ಅರ್ಧಕ್ಕೇ ಎದ್ದುಹೋದದ್ದು ಲೊರೀನ್‌ಗೆ ಈಗ ನೆನಪಾಯಿತು.

"ನಾನೇ," ಎಂದಳು.

ಮತ್ತೆ ಸಾಕ್ಷಿಕಟ್ಟೆ ಹತ್ತಿದಾಗ ಅವಳು ನೆಪ ಹೇಳದೆ ಆ ಪುಸ್ತಕ ತೆರೆದಳು. "ವರದಿ ತಪ್ಪು. ತಪ್ಪು ನನ್ನದು. ಕಂಡಿದ್ದನ್ನ ಓದ್ತೀನಿ: ಒಲೆ ಉರೀತಿತ್ತು. ಸಾರು ಕುದೀತಿತ್ತು. ಮಗು ಚಿತ್ರ ಬರೀತಿತ್ತು. ನಾಯಿ ಇರ್ಲಿಲ್ಲ."

ಸಂಜೆಯೊಳಗೆ ಜೋಸಿ ಮನೆ ಸೇರಬೇಕೆಂದು ಆಜ್ಞೆಯಾಯಿತು.

"ಚೆನ್ನಾಗಿ ಹೇಳ್ದೆ, ಮಗಳೇ," ಎಂದ ವರ್ಲಿನ್.

"ಆರು ವಾರ ತಡವಾಗಿ, ಮಾಮ."

ಬಾಗಿಲ ಬಳಿ ಟ್ವೈಲಾ ನಿಂತಿದ್ದಳು. "ಆ ಮನೇಲಿ ಅವಳ ಮೊದ್ಲನೇ ಹಲ್ಲು ಬಿತ್ತಂತೆ," ಎಂದಳು. "ಎತ್ತಿಟ್ಟಿದಾರೋ ಇಲ್ವೋ, ಅದನ್ನಾದ್ರೂ ಸರಿಯಾಗಿ ವಿಚಾರಿಸಿ ಹೇಳು."